ಅಳು ನಿಂತರೆ ಬರುವವರು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ, ಮಗು ಅತ್ತರೆ ತಿರುಗಿಯೂ ನೋಡುತ್ತಿರಲಿಲ್ಲ. "ಅಳ್ಲಿ ಬುಡಿ, ಅಳೋ ಮಗೀಗೆ ಉಸ್ರು ಇರ್ತೈತೆ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಂಬೆಗಾಲಿಡುತ್ತಿದ್ದ ನನ್ನ ಕೂಸು ಕಡಲೆಬೀಜ ಬಾಯಿಗೆ ಹಾಕಿಕೊಂಡು, ಕೆಮ್ಮಿ ಅತ್ತು, ಥಟ್ಟನೆ ಸುಮ್ಮನಾಯಿತು.

"ಇಳೀತು ಕಣಮ್ಮ, ಮ್ಯಾಲೊಂದು ತುತ್ತು ಮುದ್ದೆ ನುಂಗ್ಸು," ಎಂದರು ಅತ್ತೆ.

ನಾನು ಮುದ್ದೆ ಮುರಿಯುವಷ್ಟರಲ್ಲಿ, ಯಾರೂ ಕರೆಯದಿದ್ದರೂ, ನರ್ಸಮ್ಮ ಸೋಪಿನ ನೊರೆಗೈಯಲ್ಲೇ ಬಾಗಿಲಲ್ಲಿ ನಿಂತಿದ್ದರು. ತುತ್ತನ್ನು ತಳ್ಳಿ, ಕೂಸನ್ನು ತೋಳಿನ ಮೇಲೆ ತಲೆ ತಗ್ಗಿಸಿ ಬೋರಲು ಹಾಕಿ, ಬೆನ್ನಿಗೆ ಅಂಗೈಯಿಂದ ಹೊಡೆದರು. ಬೀಜ ಇನ್ನೂ ಒಳಕ್ಕೆ ಹೋದೀತೆಂದು ಬಾಯಿಗೆ ಬೆರಳು ಹಾಕಲಿಲ್ಲ. ಬೀಜ ಹೊರಬಿತ್ತು, ಕೂಸು ಚೀರಿತು.

ಈಗ ಅವರು ತೀರಿಕೊಂಡಿದ್ದಾರೆ. ಆದರೂ ಬೀದಿಯಲ್ಲಿ ಯಾವುದಾದರೂ ಮಗುವಿನ ಅಳು ಥಟ್ಟನೆ ನಿಂತರೆ, ಬೀಗ ಬಿದ್ದ ಆ ಮನೆಯಿಂದ ಸೋಪಿನ ವಾಸನೆ ಬರುತ್ತದೆ. ಹೆಂಗಸರೆಲ್ಲ ಕೈಗೆಲಸ ಬಿಟ್ಟು ಮಗುವಿದ್ದಲ್ಲಿಗೆ ಓಡುತ್ತೇವೆ.