ಸಾವಿನ ಬರಹಗಳನ್ನು ಎಣಿಸುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೈದ್ಯಕೀಯ ಕಾಲೇಜಿನ ಶವಾಗಾರದ ಮೇಲ್ಮಹಡಿಯಲ್ಲಿ, ನ್ಯಾಯವೈದ್ಯಶಾಸ್ತ್ರ ವಿಭಾಗದ ಪುಟ್ಟ ಲೈಬ್ರರಿಯ ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದಾರೆ, ಎಲ್ಲರ ಬಾಯಲ್ಲೂ 'ಲೈಬ್ರರಿ ಅಕ್ಕ' ಆಗಿಹೋಗಿರುವ ಹೆಂಗಸು. ಕೆಳಗಿನಿಂದ ಏರಿಬರುವ ಫಿನಾಯಿಲ್ ವಾಸನೆಗೆ ಅವರ ಮೂಗು ಎಂದೋ ಒಗ್ಗಿದೆ. ಹೊಸದಾಗಿ ಬಂದ ಸಂಶೋಧನಾ ಪತ್ರಿಕೆಗಳನ್ನು ತಿರುವಿ, ಯಾವ ಬಗೆಯ ಸಾವಿನ ಮೇಲೆ ಎಷ್ಟು ಲೇಖನ ಬಂದಿವೆ ಎಂದು ವಿಂಗಡಿಸುವುದು ಅವರ ಕೆಲಸ. ವರ್ಷಕ್ಕೆ ಸುಮಾರು ಎರಡು ಸಾವಿರ ಲೇಖನ ಅವರ ಕಣ್ಣೆದುರು ಹಾದುಹೋಗುತ್ತವೆ.

"ಸಾವಿಗೂ ಫ್ಯಾಷನ್ ಇದೆ ನೋಡಿ," ನಗುತ್ತಾರೆ. "ಮೊದಲೆಲ್ಲ ವಿಷದ್ದೇ ದರ್ಬಾರು. ಈಗ ಡಿಎನ್ಎ, ಸ್ಕ್ಯಾನಿಂಗು. ಹೊಸ ಮಷೀನ್ ಬಂತು ಅಂದ್ರೆ ಎಲ್ರೂ ಅದ್ರ ಹಿಂದೆ."

ಸೇರಿದಾಗ ಇದು ಹೊಟ್ಟೆಪಾಡಷ್ಟೇ. ಆರನೆಯ ವರ್ಷ ಅವರ ತಮ್ಮನೇ ಹೆಣವಾಗಿ ಕೆಳಗಿನ ಶವಪರೀಕ್ಷೆಯ ಮೇಜಿಗೆ ಬಂದ. ಕಾರ್ಖಾನೆಯ ಕೊಳಚೆ ತೊಟ್ಟಿ ಚೊಕ್ಕ ಮಾಡಲು ಇಳಿದವನು ವಿಷಗಾಳಿಗೆ ಸಿಕ್ಕಿ ಮೇಲೆ ಬರಲೇ ಇಲ್ಲ. ಅವನನ್ನು ಎತ್ತಲು ಇಳಿದ ಗೆಳೆಯನೂ ಉಳಿಯಲಿಲ್ಲ.

ರಜೆ ಮುಗಿಸಿ ಬಂದ ಅಕ್ಕ ಮೊದಲು ಹುಡುಕಿದ್ದು ಅಂಥ ಸಾವುಗಳ ಮೇಲಿನ ಲೇಖನವನ್ನು. ಇಡೀ ವರ್ಷದ ರಾಶಿಯಲ್ಲಿ ಸಿಕ್ಕಿದ್ದು ಒಂದೇ ಒಂದು.

"ಯಾಕ್ ಸರ್, ಇಂಥವ್ರು ಸಾಯೋದೇ ಇಲ್ವಾ?" ಎಂದು ವಿಭಾಗದ ಹಿರಿಯ ವೈದ್ಯರನ್ನು ಕೇಳಿದರು.

"ಸಾಯ್ತಾರಮ್ಮ. ನನ್ನ ಟೇಬಲ್ಲಿಗೇ ಎಷ್ಟೋ ಬಂದಿವೆ. ಬರೆದು ಕಳಿಸಿದ್ರೆ, ಇದ್ರಲ್ಲಿ ಹೊಸದೇನಿದೆ ಅಂತ ಪತ್ರಿಕೆಯವ್ರು ವಾಪಸ್ ಕಳಿಸ್ತಾರೆ."

"ಇನ್ನೊಂದ್ಸಲ ಕಳಿಸೋಣ ಸರ್. ಟೈಪಿಂಗ್ ನಾನು ಮಾಡ್ಕೊಡ್ತೀನಿ."

ವೈದ್ಯರನ್ನೂ ಬಹಳ ದಿನದಿಂದ ಕೊರೆಯುತ್ತಿದ್ದ ವಿಷಯವೇ ಅದು. ಮರುದಿನವೇ ಹಳೆಯ ಶವಪರೀಕ್ಷೆಗಳ ಕಟ್ಟು ಹೊತ್ತುತಂದು ಎದುರು ಕೂತರು. ಏಳನೆಯದಾಗಿ ಅಕ್ಕನ ತಮ್ಮನ ಪ್ರಕರಣವೇ ಬಂದಾಗ ವೈದ್ಯರು ಕೀಲಿಮಣೆಯನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ಕೊಡಿ ಸರ್, ಅದನ್ನ ನಾನೇ ಹೊಡೀತೀನಿ," ಅಂದರು ಅಕ್ಕ. 'ಇಪ್ಪತ್ತಾರು ವರ್ಷದ ಪುರುಷ.' ಲೇಖನದಲ್ಲಿ ತಮ್ಮನ ಗುರುತು ಅಷ್ಟೇ.

ಮೂರು ಪತ್ರಿಕೆಗಳು ಬೇಡವೆಂದವು, ನಾಲ್ಕನೆಯದು ಅಚ್ಚು ಹಾಕಿತು. ಲೇಖಕರ ಸಾಲಿನಲ್ಲಿ ಅಕ್ಕನ ಹೆಸರೂ ಇತ್ತು. ಮನೆಗೆ ಒಯ್ದು ತೋರಿಸಿದಾಗ ಅವರ ಅಮ್ಮ ಪುಟದ ಮೇಲೆ ಕೈಯಾಡಿಸಿ, "ಅವನ ಹೆಸರೆಲ್ಲೇ?" ಎಂದು ಕೇಳಿದರು.

"ಇಂಥ ಲೇಖನದಲ್ಲಿ ಸತ್ತವ್ರ ಹೆಸರು ಹಾಕೋ ಹಾಗಿಲ್ಲಮ್ಮ. ಇಲ್ಲಿದ್ದಾನೆ ನೋಡು," ಎಂದು ಅಕ್ಕ ಆ ಸಾಲು ತೋರಿಸಿದರು. ಅಮ್ಮ ಬೆರಳನ್ನು ಅಲ್ಲೇ ಊರಿ ಬಹಳ ಹೊತ್ತು ಕೂತಿದ್ದರು.

ಈಗ ಇಂಥ ಸಾವುಗಳ ಬಗ್ಗೆ ಬೇರೆಯವರೂ ಬರೆಯುತ್ತಿದ್ದಾರೆ. ಕಳೆದ ವರ್ಷ ಹದಿನಾಲ್ಕು ಲೇಖನ. ಖುಷಿಯಾಯಿತೇ ಎಂದರೆ ಅಕ್ಕ ಕನ್ನಡಕ ತೆಗೆದು ಒರೆಸುತ್ತಾರೆ.

"ಲೆಕ್ಕ ಇನ್ನೂ ಏರ್ಲಿ, ಎಲ್ರ ಕಣ್ಣಿಗೂ ಬೀಳ್ಲಿ. ಆಮೇಲೆ ಒಂದು ವರ್ಷ, ನಾನು ಎಷ್ಟು ತಡಕಾಡಿದ್ರೂ ಒಂದೂ ಸಿಗ್ಬಾರ್ದು. ಯಾಕಂದ್ರೆ ಬರೆಯೋಕೆ ಯಾರೂ ಸತ್ತಿರ್ಬಾರ್ದು."