ಪೆರುಮಾಳನ ಮೇಲೆ ಬಿದ್ದ ಗುಮಾನಿ

ಪೆರುಮಾಳ್ ತೀರಿಕೊಂಡು ಇಪ್ಪತ್ತೆರಡು ದಿನವಾಯಿತು. ಅವನ ಒಳ್ಳೆಯತನದ ಬಗ್ಗೆ ಬರೆಯಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕಾದದ್ದು 1996ರ ಒಂದು ವಾರದ ವಿಷಯ. ಆ ವಾರ ನಾನು ಅವನನ್ನು ಕಳ್ಳನೆಂದು ನಂಬಿದ್ದೆ.

ಅವನು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದವನು. ತಂದೆ ಗಣಿಯ ಬಾಯಲ್ಲಿ ಆಳುಗಳನ್ನು ಹೊತ್ತ ಕೇಜ್ ಇಳಿಸಿ ಏರಿಸುವ ಎಂಜಿನ್ನಿನ ಡ್ರೈವರ್. ನಾನು ಬೂದಿಕೋಟೆಯವನು. ಇಬ್ಬರೂ ಬಂಗಾರಪೇಟೆಯಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಗೆ ಸೇರಿದ್ದೆವು. ನನ್ನದು ಸ್ಟೋರು, ಅವನದು ಕಂಪ್ಯೂಟರ್ ಕೋಣೆ. ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಪಂಪುಗಳನ್ನು ಪರೀಕ್ಷೆ ಮಾಡುವಾಗ ಒತ್ತಡದ ಲೆಕ್ಕ ಹಿಡಿಯುವ ಪ್ರೋಗ್ರಾಮನ್ನು ಬರೆದವನು ಅವನೇ. ಅದರಲ್ಲಿ ಜೊತೆಜೊತೆಗೆ ಓಡುವ ಎರಡು ಥ್ರೆಡ್‌ಗಳಿದ್ದವು. ಒಮ್ಮೆ ಟೀ ಕುಡಿಯುವಾಗ ನನಗೆ ಅರ್ಥವಾಗುವಂತೆ ಬಿಡಿಸಿ ಹೇಳಿದ್ದ.

"ಇಬ್ರು ಆಳು ಅಂದ್ಕೋ ಸೊಣ್ಣಾ. ಒಬ್ಬ ಅಂಕಿ ಓದಿ ಸಾಲು ತುಂಬುಸ್ತಾನೆ. ಇನ್ನೊಬ್ಬ ತುಂಬಿದ ಸಾಲು ಎತ್ಕೊಂಡು ಡಿಸ್ಕಿಗೆ ಬರೀತಾನೆ. ಸಾಲು ತುಂಬೋವರ್ಗೂ ಅವ್ನು ಕಾಯ್ಬೇಕು."

"ಮಲಗ್ಸು. ಆದ್ಮೇಲೆ ಎಬ್ಬುಸು," ಅಂದೆ.

"ಕಾಯೋದು ಚಿಟಿಕೆ ಹೊಡೆಯೋಷ್ಟು ಹೊತ್ತು ಕಣ್ಲಾ. ಚಾಪೆ ಹಾಸಿ ಸುತ್ತೋಕೇ ಅದರ ಹತ್ತರಷ್ಟು ಹಿಡೀತದೆ. ಅದಕ್ಕೇ ಅವ್ನು ಬಾಗಿಲಲ್ಲೇ ನಿಂತು 'ಆಯ್ತಾ, ಆಯ್ತಾ' ಅಂತ ಕೇಳ್ತಾನೇ ಇರ್ತಾನೆ."

ನಮ್ಮ ಯಂತ್ರದಲ್ಲಿ ಎರಡು ಪ್ರೊಸೆಸರ್‌ಗಳಿದ್ದವು. ಕಾಯುವವನಿಗೊಂದು, ತುಂಬುವವನಿಗೊಂದು. ಒಂದು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು.

ಆಗಸ್ಟಿನಲ್ಲಿ ಅವನು ತಂಗಿಯ ಮದುವೆಗೆಂದು ಕುಪ್ಪಂಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದ. ಬರುವಷ್ಟರಲ್ಲಿ ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಮ್ಯಾನೇಜರ್ ರಾಮಚಂದ್ರಪ್ಪ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

"ಮಿಷಿನ್ನು ಒಂದು ಗಳಿಗೆ ಬಿಡುವಿಲ್ದೆ ದುಡೀತಾ ಐತೆ ಅಂತ ಪರದೆ ಮೇಲೆ ತೋರುಸ್ತೈತೆ. ನಮ್ಮ ಕೆಲ್ಸ ಮಾತ್ರ ಆಗ್ತಿಲ್ಲ. ಅಂಗಾದ್ರೆ ಯಾರ ಕೆಲ್ಸ ಮಾಡ್ತೈತೆ ಸೊಣ್ಣಪ್ಪ?"

ಉತ್ತರವನ್ನೂ ಅವರೇ ಹೇಳಿದರು.

"ಪೆರುಮಾಳು ಹೊರಗಿನೋರ ಕೆಲ್ಸ ತಂದು ಕದ್ದು ಓಡುಸ್ತಾವ್ನೆ. ನೀನು ಸ್ನೇಹಿತ, ಒಂದು ಕಣ್ಣಿಡು. ಶನಿವಾರದೊಳಗೆ ಇತ್ಯರ್ಥ ಆಗ್ದಿದ್ರೆ ಅವ್ನು ಮನೆಗೆ ಓಗ್ಲಿ."

ಕಣ್ಣಿಟ್ಟೆ. ಇಟ್ಟ ಮೇಲೆ ಕಂಡದ್ದೆಲ್ಲ ಕಳ್ಳತನದ ಗುರುತೇ. ಅವನು ಮಾಮೂಲಿ ರೈಲು ಬಿಟ್ಟು ಮೊದಲ ರೈಲಿಗೆ ಬರತೊಡಗಿದ. ಊಟದ ಚೀಲದಲ್ಲಿ ಕ್ಯಾರಿಯರ್ ಪಕ್ಕ ಫ್ಲಾಪಿಗಳಿದ್ದವು. ನಾನು ಒಳಗೆ ಹೋದರೆ ಪರದೆ ಆರಿಸುತ್ತಿದ್ದ. ಫೋನಿನಲ್ಲಿ ಯಾರೊಂದಿಗೋ ದನಿ ತಗ್ಗಿಸಿ ತಮಿಳಿನಲ್ಲಿ ಮಾತಾಡುತ್ತಿದ್ದ. ಬುಧವಾರ ತಾನಾಗಿ ನನ್ನ ಹತ್ತಿರ ಬಂದು, "ನಾನಿಲ್ದಾಗ ರೂಮಿಗೆ ಯಾರ್ ಬಂದಿದ್ರು?" ಎಂದು ಕೇಳಿದ. ಸಿಕ್ಕಿಬೀಳುವವನು ಬೇರೆಯವರ ಕಡೆ ಬೆರಳು ತೋರಿಸುತ್ತಾನೆ ಅಂದುಕೊಂಡು, "ನನ್ನನ್ನ್ಯಾಕೆ ಕೇಳ್ತೀಯ?" ಎಂದುಬಿಟ್ಟೆ. ಅಂದೇ ನೆಟ್ಟಗೆ ಉತ್ತರ ಕೊಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಶುಕ್ರವಾರ ತಡೆಯಲಾಗದೆ ಮುಖದ ಮೇಲೇ ಕೇಳಿದೆ. "ಯಾರ ಕೆಲ್ಸ ಓಡುಸ್ತಿದ್ದೀಯ ಪೆರುಮಾಳ್?"

ಅವನು ಚೀಲವನ್ನು ಮೇಜಿನ ಮೇಲೆ ಸುರಿದ. "ನೀನೂನಾ? ತಗೋ, ನೋಡು. ನನ್ನ ಪ್ರೋಗ್ರಾಮಿನ ಹಳೇ ಕಾಪಿಗಳು. ನಿಮ್ಮಲ್ಲಿ ಯಾವನು ಕೈಯಾಡ್ಸಿದ್ದಾನೆ ಅಂತ ಸಾಲು ಸಾಲು ತಾಳೆ ನೋಡ್ತಿದ್ದೀನಿ. ಪಟ್ಟೀಲಿ ನಿನ್ನ ಹೆಸರೂ ಐತೆ. ಒಂದಕ್ಷರ ಬದಲಾಗಿಲ್ಲ, ತಲೆ ಕೆಟ್ಟೋಗಿದೆ."

"ಕೈಯಾಡ್ಸೋಕೆ ಯಾರಯ್ಯ ಬಂದವ್ರೆ? ನೀನಿಲ್ದಾಗ ರಿಪೇರಿಯೋರು ಬಂದು ಬೋರ್ಡು ತಗೊಂಡೋದ್ರು, ಅಷ್ಟೇ."

"ಯಾವ ಬೋರ್ಡು?"

ಸ್ಟೋರಿಗೆ ಹೋಗಿ ಗೇಟ್‌ಪಾಸಿನ ಪುಸ್ತಕ ತಂದೆ. ನನ್ನದೇ ಅಕ್ಷರ: ಪ್ರೊಸೆಸರ್ ಬೋರ್ಡು, ಒಂದು, ರಿಪೇರಿಗೆ. ಎರಡರಲ್ಲಿ ಒಂದು ಕೆಟ್ಟಿತ್ತು. ಇನ್ನೊಂದು ಇದೆಯಲ್ಲ, ಯಂತ್ರ ಓಡುತ್ತದೆ ಎಂದುಕೊಂಡು ಯಾರೂ ಅವನಿಗೆ ವಿಷಯ ಹೇಳಿರಲಿಲ್ಲ.

ಪೆರುಮಾಳ್ ಅದನ್ನು ಎರಡು ಸಲ ಓದಿ ಕುರ್ಚಿಗೆ ಒರಗಿದ.

"ಕೇಜಲ್ಲಿ ಮನುಷ್ಯರಿದ್ರೆ ಗಂಟೆ ಬರೋವರ್ಗೂ ಲಿವರ್ ಮೇಲಿಂದ ಕೈ ತೆಗೀಬಾರ್ದು ಅಂತ ನಮ್ಮಪ್ಪ ಹೇಳೋನು. ಮೂಗು ತುರಿಸಿದ್ರೂ ತೆಗೀತಿರ್ಲಿಲ್ಲ. ನಾನೂ ಪ್ರೋಗ್ರಾಮಲ್ಲಿ ಅದನ್ನೇ ಬರೆದಿಟ್ಟೆ. ಅಪ್ಪ ಮೇಲೆ ಕೈ ಇಟ್ಕೊಂಡು ನಿಂತ್ರೆ, ಕೆಳಗೆ ಗಂಟೆ ಹೊಡೆಯೋಕೆ ಬೇರೆ ಆಳಿದ್ದ ಸೊಣ್ಣಾ. ಈಗ ಇಲ್ಲಿ ಇರೋದು ಒಂದೇ ಜಾಗ. ಕಾಯೋನು ಅಲ್ಲಿ ನಿಂತು 'ಆಯ್ತಾ' ಅಂತಾವ್ನೆ. ತುಂಬೋನಿಗೆ ನಿಲ್ಲೋಕೇ ಜಾಗ ಇಲ್ಲ. ಇವನ ಸರದಿ ಮುಗಿಯೋವರ್ಗೂ ಬರೀ ಕೇಳೋದೇ ಕೆಲ್ಸ."

ಯಂತ್ರ ಯಾರ ಕೆಲಸವನ್ನೂ ಮಾಡುತ್ತಿರಲಿಲ್ಲ. ಕಾಯುವುದರಲ್ಲೇ ಬೆವರು ಸುರಿಸುತ್ತಿತ್ತು.

ಸಂಜೆಯೊಳಗೆ ಅವನು ತಿದ್ದಿದ. ಶುರುವಾಗುವಾಗಲೇ ಪ್ರೋಗ್ರಾಮು ಪ್ರೊಸೆಸರ್‌ಗಳನ್ನು ಎಣಿಸಿಕೊಳ್ಳಬೇಕು. ಒಂದೇ ಇದ್ದರೆ ಕಾಯುವವನು ತಕ್ಷಣ ಮಲಗಿ ಜಾಗ ಬಿಡಬೇಕು. ಎರಡಿದ್ದರೆ ಸ್ವಲ್ಪ ಹೊತ್ತು ನಿಂತು ಕೇಳಬಹುದು, ಅಷ್ಟರಲ್ಲಿ ಆಗದಿದ್ದರೆ ಆಗಲೂ ಮಲಗಬೇಕು. ಬೋರ್ಡು ಇನ್ನೂ ವಾಪಸು ಬಂದಿರಲಿಲ್ಲ. ಆದರೂ ಅರ್ಧ ದಿನದ ಕೆಲಸ ಹದಿನೆಂಟು ನಿಮಿಷಕ್ಕೆ ಮುಗಿಯಿತು.

ಶನಿವಾರ ರಾಮಚಂದ್ರಪ್ಪನವರ ಮುಂದೆ ಓಡಿಸಿ ತೋರಿಸಿದ.

"ಅಂಗಾದ್ರೆ ತಪ್ಪು ನಿಂದೇ ಅಂತ ಒಪ್ತೀಯ?"

"ತಪ್ಪು ನಂದೇ ಸಾರ್. ಕಳ್ಳತನ ಮಾತ್ರ ನಂದಲ್ಲ."

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಟೋಬರಿನಲ್ಲಿ ಅವನ ಕೆಲಸ ಖಾಯಂ ಆಯಿತು. ಅದೇ ಆದೇಶದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಇನ್ನು ಮುಂದೆ ಕಂಪ್ಯೂಟರ್ ಕೋಣೆಯ ಬೀಗದ ಕೈ ಸ್ಟೋರಿನಲ್ಲಿರತಕ್ಕದ್ದು.

ಮೂರು ವರ್ಷ ಪೆರುಮಾಳ್ ಪ್ರತಿದಿನ ಬೆಳಿಗ್ಗೆ ನನ್ನ ಕಿಟಕಿಗೆ ಬಂದು, ಸಹಿ ಹಾಕಿ, ತಾನೇ ಕೂತು ಕೆಲಸ ಮಾಡುವ ಕೋಣೆಯ ಕೀಲಿ ಇಸಿದುಕೊಂಡು ಹೋಗುತ್ತಿದ್ದ. ಭಾನುವಾರ ನಮ್ಮ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದ. ಕೀಲಿಯ ಮಾತನ್ನು ಅವನು ಎತ್ತಲಿಲ್ಲ. ಆ ಸಾಲು ತೆಗೆಸಿ ಎಂದು ನಾನು ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ನನ್ನ ಮಾತಿಗೆ ಅಲ್ಲಿ ಬೆಲೆಯಿತ್ತು. ಹೇಳಲಿಲ್ಲ. ಯಾಕೆ ಎಂದು ಈ ಇಪ್ಪತ್ತೆರಡು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಎಲ್ಲೋ ಒಂದು ಮೂಲೆಯಲ್ಲಿ ನನಗಿನ್ನೂ ಅನುಮಾನ ಉಳಿದಿತ್ತು ಅನಿಸುತ್ತದೆ. ಅದು ಅವನಿಗೂ ಗೊತ್ತಿತ್ತು.