ಅಣ್ಣ ಹೆದರಿದರೆಂದು ನಾನು ಹೇಳಿದ್ದು

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಬೆಳಗಾವಿಯ ನಮ್ಮ ಕ್ರೈಸ್ತ ಸಭೆಗೆ, ಊರೂರು ತಿರುಗಿ ಯೇಸುವಿನ ಮಾತು ಸಾರುವ ಸುವಾರ್ತಿಕರು ಇಬ್ಬರಿದ್ದೆವು. ಒಬ್ಬ ನಾನು, ಹಿಂದವಾಡಿಯ ಬಾಡಿಗೆ ಕೋಣೆಯಲ್ಲಿದ್ದ ಇಪ್ಪತ್ತಾರರ ಹುಂಬ. ಇನ್ನೊಬ್ಬರು ನನಗಿಂತ ಐದಾರು ವರ್ಷ ದೊಡ್ಡವರು. ಅಣ್ಣ ಎಂದೇ ಕರೆಯುತ್ತಿದ್ದೆ. ಖಾನಾಪುರದ ಕಡೆಯ ಹಳ್ಳಿಗಳೆಲ್ಲ ಅವರ ಪಾಲಿಗಿದ್ದವು. ತಿಂಗಳಿಗೊಮ್ಮೆ ಇಬ್ಬರೂ ನಮ್ಮ ತಿರುಗಾಟದ ವರದಿಯನ್ನು ಸಭೆಯ ಮುಂದೆ ನಿಂತು ಓದಬೇಕಿತ್ತು. ಅವರು ಓದಿದರೆ ಮುದುಕಿಯರು ಕಣ್ಣೊರೆಸಿಕೊಂಡು "ಸ್ತೋತ್ರ, ಸ್ತೋತ್ರ" ಎನ್ನುತ್ತಿದ್ದರು. ನಾನು ಎದ್ದು ನಿಂತರೆ ಎಲ್ಲರಿಗೂ ಕೆಮ್ಮು ಬರುತ್ತಿತ್ತು. ದೇವರ ಕೆಲಸ ಎಂಬುದು ನನ್ನ ಬಾಯಲ್ಲಿತ್ತು, ಹೊಟ್ಟೆಯಲ್ಲಿ ಬರೀ ಕಿಚ್ಚು.

ಒಂದು ಮಳೆಗಾಲ ಜಾಂಬೋಟಿಯ ಆಚೆಯ ಹಳ್ಳಿಯೊಂದರಲ್ಲಿ ಕೆಲವರು ಅಣ್ಣನನ್ನು ಹಿಡಿದು ಹೊಡೆದರು. ಹಾಡಿನ ಪುಸ್ತಕಗಳನ್ನು ಕೆಸರಿಗೆ ಹಾಕಿ ತುಳಿದರು. ಬಲಗೈ ಮುರಿಯಿತು. ನೋಡಲು ಆಸ್ಪತ್ರೆಗೆ ಹೋದಾಗ ಅವರು ತಮ್ಮ ನೋವಿನ ಮಾತೇ ಎತ್ತಲಿಲ್ಲ.

"ತಮ್ಮಾ, ಆ ಊರಾಗ ಒಬ್ಬಾಕಿ ಆಯಿ ಅದಾಳ. ಆಕಿ, ಆಕಿ ಸೊಸಿ, ಇಬ್ಬರೂ ಪ್ರಾರ್ಥನಾ ಮಾಡ್ತಾರ. ಊರಾಗ ಯಾರೂ ಮಾತಾಡಸವಲ್ರು ಅವರನ್ನ. ನೀ ಒಮ್ಮಿ ಹೋಗಿ ಬಾ. ನಾ ಲಗೂನ ಬರ್ತೀನಿ ಅಂತ ಹೇಳು," ಅಂದರು.

ಹೂಂ ಎಂದೆ. ಕನಿಕರದಿಂದಲ್ಲ. ಅವರು ಮಲಗಿರುವಷ್ಟರಲ್ಲಿ ಆ ಮನೆಯನ್ನು ನನ್ನ ವರದಿಗೆ ಸೇರಿಸಿಕೊಳ್ಳುವ ಆಸೆಯಿಂದ.

ನಾನು ಹೋದದ್ದು ಭತ್ತದ ನಾಟಿಯ ದಿನಗಳಲ್ಲಿ. ಆ ಕಡೆ ನಾಟಿಗೆ ಕೂಲಿ ಕೊಡುವ ರೂಢಿ ಕಡಿಮೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆ ವರ್ಷ ಆಯಿಯ ಗದ್ದೆಗೆ ಯಾರೂ ಇಳಿಯಕೂಡದೆಂದು ಊರವರು ಕಟ್ಟು ಹಾಕಿದ್ದರು. ಅತ್ತೆ ಸೊಸೆ ಇಬ್ಬರೇ ಬಗ್ಗಿ ಸಸಿ ನೆಡುತ್ತಿದ್ದರು. ನಾನು ಕೊಡೆ ಹಿಡಿದು ಬದುವಿನ ಮೇಲೆ ನಿಂತೆ. ಭಯಕ್ಕೆ ಹಾಡಿನ ಪುಸ್ತಕವನ್ನೂ ತಂದಿರಲಿಲ್ಲ. ನೋಡಿದವರು ಗೊಬ್ಬರದ ಏಜೆಂಟನೆಂದು ತಿಳಿದಿರಬೇಕು.

ಅಣ್ಣನನ್ನು ಆ ಊರಲ್ಲಿ ಮಾಸ್ತರು ಎನ್ನುತ್ತಿದ್ದರು; ಅವರ ಕಡೆಯವನೆಂದು ಹೇಳಿದೊಡನೆ ಆಯಿ ಸೊಂಟ ನೆಟ್ಟಗೆ ಮಾಡಿ, "ಮಾಸ್ತರು ಹೆಂಗದಾರ್ರಿ? ಯಾವಾಗ ಬರ್ತಾರ?" ಎಂದು ಕೇಳಿದಳು.

"ಅವರು ಹೆದರ್ಯಾರ, ಆಯಿ. ಇನ್ನ ಬರಂಗಿಲ್ಲ. ನಾ ಬರ್ತೀನಿ," ಎಂದೆ.

ಇಂಥ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಆಯಿ ಮತ್ತೆ ಬಗ್ಗಿ ಸಸಿ ನೆಡತೊಡಗಿದಳು.

ವಾರ ಬಿಟ್ಟು ಹೋದಾಗ ಆ ಗದ್ದೆಯಲ್ಲಿ ನಾಲ್ವರು ಹೆಂಗಸರಿದ್ದರು. ಊರ ಕಟ್ಟು ಮೀರಿ ಅಕ್ಕಪಕ್ಕದ ಇಬ್ಬರು ಇಳಿದಿದ್ದರು. ಅವರಿಗೆ ಏನು ಹೇಳಿದೆಯೆಂದು ಆಯಿಯನ್ನು ಕೇಳಿದೆ.

"ಅಷ್ಟು ಕಲಿತ ಮಾಸ್ತರು ಹೆದರ್ಯಾರಂದ್ರ ನಾವು ಹೆದರೂದ್ರಾಗ ಏನ್ ತಪ್ಪೈತಿ ಅಂದೆ. ಹೆದರಕೋತನ ಪ್ರಾರ್ಥನಾ ಮಾಡೂಣು, ಮೊದಲ ಅವರ ಸಲುವಾಗಿ ಮಾಡೂಣು ಅಂದೆ."

ಧೈರ್ಯವಂತರಿಗೆ ಮಾತ್ರ ಈ ದೇವರು ಎಂದುಕೊಂಡಿದ್ದವರು ಆ ಮಾತಿಗೆ ಹತ್ತಿರ ಬಂದಿದ್ದರು. ಸುಗ್ಗಿಯ ಹೊತ್ತಿಗೆ ಅಲ್ಲಿ ಪ್ರಾರ್ಥನೆ ಮಾಡುವ ನಾಲ್ಕು ಮನೆಗಳಾದವು. ಊರು ಅವರನ್ನೂ ಹೊರಗಿಟ್ಟಿತು. ಅವರು ಒಬ್ಬರ ಬೆಳೆ ಒಬ್ಬರು ಕೊಯ್ದುಕೊಟ್ಟರು. ನನ್ನ ಸುಳ್ಳಿನಿಂದ ಮುರಿಯಬೇಕಾದದ್ದು ಅದರಿಂದಲೇ ಬೆಳೆಯಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೇನೂ ಇಲ್ಲ. ಆದರೂ ವರದಿಯಲ್ಲಿ ನಾಲ್ಕೂ ಮನೆಗಳನ್ನು ನನ್ನ ಹೆಸರಿಗೆ ಬರೆದುಕೊಂಡು ಓದಿದೆ. ಆ ದಿನ ಯಾರೂ ಕೆಮ್ಮಲಿಲ್ಲ. ಎಲ್ಲರಿಗಿಂತ ಜೋರಾಗಿ "ಸ್ತೋತ್ರ" ಎಂದವರು ಅಣ್ಣ.

ಮುರಿದ ಕೈ ಕೂಡಲು ಅವರಿಗೆ ಸುಗ್ಗಿಯವರೆಗೂ ಹಿಡಿದಿತ್ತು; ಮುಂದಿನ ವಾರ ಅವರೂ ನನ್ನೊಡನೆ ಹೊರಟುಬಿಟ್ಟರು. ಬೇಡವೆನ್ನಲು ನನಗೆ ನೆಪ ಸಿಗಲಿಲ್ಲ. ಆಯಿ ಓಡಿಬಂದು ಅವರ ಕೈ ಹಿಡಿದಳು.

"ಹೆದರಿಕಿ ಹೋತೇನ್ರಿ, ಮಾಸ್ತರ್ರ?"

ಅಣ್ಣ ಒಮ್ಮೆ ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

"ಪೂರಾ ಹೋಗಿಲ್ಲ ಆಯಿ. ನೀವು ಪ್ರಾರ್ಥನಾ ಮಾಡ್ರಿ," ಎಂದರು.

ಆಯಿ ಅಲ್ಲೇ ಅಂಗಳದಲ್ಲಿ ಕಣ್ಣು ಮುಚ್ಚಿ ಅವರ ಹೆದರಿಕೆ ಬಿಡಿಸೆಂದು ಬೇಡಿದಳು. ಹೆದರದೆ ಬಂದ ನನಗಾಗಿ ದೇವರನ್ನು ಕೊಂಡಾಡಿದಳು. ದಾರಿಯಲ್ಲಿ ಅಣ್ಣ ಬೈಯುತ್ತಾರೆಂದು ಕಾದೆ. "ನಾಕ ಮನಿ, ತಮ್ಮಾ, ನಾಕ ಮನಿ!" ಎಂದು ನಕ್ಕರು, ಅಷ್ಟೇ. ಕಪಾಳಕ್ಕೆ ಎರಡು ಬಿಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದಲ್ಲಿ ಆಯಿ ತೀರಿಕೊಂಡಳು. ಅಷ್ಟರಲ್ಲಿ ಅಲ್ಲಿ ಹದಿನೈದು ಮನೆಗಳಾಗಿದ್ದವು. ಮಣ್ಣಿಗೆ ಹೋದಾಗ ಸೊಸೆ, ಕಷ್ಟಕಾಲದಲ್ಲಿ ಹೆದರದೆ ಬಂದವರೇ ಪ್ರಸಂಗ ಮಾಡಬೇಕೆಂದು ನನ್ನನ್ನು ಮುಂದೆ ಕರೆದಳು. ಅಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಆಗಲಾದರೂ ಎಲ್ಲರೆದುರು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಧೈರ್ಯದ ಬಗ್ಗೆ ಮುಕ್ಕಾಲು ತಾಸು ಮಾತಾಡಿದೆ.